ಮೀನು ಬಿಡಿಸಿದೆ, ಹನಿಯನ್ನೂ ಬಿಡಿಸಿದೆ

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಮಳೆಗಾಲ ಮುಗಿಯಲಿ ಅಂದೆ. ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದೆ. ನನ್ನ ಮೊಣಕಾಲು ನೋವು ಸ್ವಲ್ಪ ಇಳಿಯಲಿ ಅಂದೆ. ಹೇಳಲು ಮನಸ್ಸಿಲ್ಲದ ಮಾತಿಗೆ ನೆಪಗಳಿಗೇನು ಬರ. ನಾನು ಓದಿದ್ದು ಹೈಸ್ಕೂಲಿನವರೆಗೆ, ಬರೆದು ರೂಢಿಯಿಲ್ಲ. ಅದೂ ಒಂದು ನೆಪವಾಗಿತ್ತು.

ನನ್ನ ಹೆಂಡತಿಯ ಬಲಗಣ್ಣು ಹೋಗಿದೆ. ಯಾರ ಅಲಕ್ಷ್ಯದಿಂದ ಹೋಯಿತು ಎಂದು ಕೇಳಿದರೆ ನಮ್ಮ ಮನೆಯಲ್ಲೂ ನೆಂಟರಲ್ಲೂ ಒಂದೇ ಉತ್ತರ ಸಿಗುತ್ತದೆ. ಆ ಉತ್ತರ ಸುಳ್ಳು. ಅದನ್ನು ಹುಟ್ಟಿಸಿದವನು ನಾನು.

ನಮ್ಮದು ಭಾವಿಕೇರಿ. ನಾನು ಕಾರವಾರ, ಅಂಕೋಲೆ ಕಡೆಯ ಬಸ್ಸುಗಳಲ್ಲಿ ಕಂಡಕ್ಟರನಾಗಿ ದುಡಿದು ನಿವೃತ್ತನಾದವನು. ಬಸ್ಸಿನಲ್ಲಿ ಜನ ಎರಡೇ ವಿಷಯ ಮಾತಾಡುತ್ತಾರೆ: ಒಂದು ಕೋರ್ಟು, ಇನ್ನೊಂದು ಕಾಯಿಲೆ. ಕೋರ್ಟಿನ ಮಾತು ನನಗೆ ಬೇಡವಾಗಿತ್ತು. ಕಾಯಿಲೆಯ ಮಾತನ್ನು ಮಾತ್ರ ಟಿಕೆಟ್ ಹರಿಯುತ್ತಲೇ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಕಾಮಾಲೆಗೆ ಯಾವ ಬೇರು, ಕಲ್ಲಿಗೆ ಯಾವ ಕಷಾಯ, ಸೊಂಟಕ್ಕೆ ಯಾವ ಎಣ್ಣೆ, ಯಾವ ಊರಿನ ಯಾವ ಮುದುಕಿ ಏನು ಕೊಡುತ್ತಾಳೆ, ಎಲ್ಲ ನನ್ನ ತಲೆಯಲ್ಲಿತ್ತು. ಹಾರವಾಡದಲ್ಲಿ ಹತ್ತಿದವರು ಹೇಳಿದ ಮದ್ದನ್ನು ಹಟ್ಟಿಕೇರಿಯಲ್ಲಿ ಇಳಿಯುವವರಿಗೆ ಹೇಳುತ್ತಿದ್ದೆ. ಕೆಲವರಿಗೆ ಗುಣವಾಯಿತು, ಅವರು ಮುಂದಿನ ಸಲ ಹತ್ತಿದಾಗ ಒಂದು ಸೌತೆಕಾಯಿಯನ್ನೋ ನಾಲ್ಕು ನಿಂಬೆಹಣ್ಣನ್ನೋ ಕೈಗಿಟ್ಟರು. ಗುಣವಾಗದವರು ಏನನ್ನೂ ಹೇಳಲಿಲ್ಲ. ಹೀಗಾಗಿ ನನ್ನ ಮದ್ದುಗಳೆಲ್ಲ ತಾಗುತ್ತವೆ ಎಂಬ ನಂಬಿಕೆ ನನಗೇ ಬಂದುಬಿಟ್ಟಿತು. ನಿವೃತ್ತಿಯಾದ ಮೇಲೆ ಮೊಬೈಲು ಬಂತು. ಬಸ್ಸಿನಲ್ಲಿ ಕೇಳುತ್ತಿದ್ದುದನ್ನೆಲ್ಲ ಅದು ಕೂತಲ್ಲೇ ಹೇಳತೊಡಗಿತು.

ಹೆಂಡತಿ ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ ಎಂದು ಕನ್ನಡಕಕ್ಕಾಗಿ ಕಾರವಾರದ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು. ಜೊತೆಗೆ ಹೋದದ್ದು ಸೊಸೆ. ಅವಳಿಗೆ ಕಾರವಾರದ ಒಂದು ಕಚೇರಿಯಲ್ಲಿ ನೌಕರಿ. ದಿನವೂ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಾಳೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅರ್ಧ ದಿನ ರಜೆ ಹಾಕಿದ್ದಳು. ಕನ್ನಡಕದ ಚೀಟಿಯ ಜೊತೆ ಇನ್ನೊಂದು ಸುದ್ದಿಯನ್ನೂ ತಂದಳು: ಅತ್ತೆಗೆ ಎರಡೂ ಕಣ್ಣಿನೊಳಗೆ ಒತ್ತಡ ಹೆಚ್ಚಿದೆ. ಅದಕ್ಕೆ ಗ್ಲಾಕೋಮಾ ಅನ್ನುತ್ತಾರೆ. ನೋವಿಲ್ಲ, ಏನಿಲ್ಲ, ಅಂಚಿನಿಂದ ನೋಟ ಸವೆಯುತ್ತ ಬರುತ್ತದೆ. ಸವೆದದ್ದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ರಾತ್ರಿ ಊಟದ ಮೇಲೆ ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಬೇಕು.

"ಎಷ್ಟು ದಿವ್ಸ?" ಎಂದು ಕೇಳಿದೆ.

"ಬದುಕಿರೂ ತನಕ, ಮಾವಾ" ಅಂದಳು ಸೊಸೆ.

ಆ ಮಾತು ನನ್ನ ತಲೆಗೆ ಹತ್ತಲಿಲ್ಲ. ನಮ್ಮ ಕಡೆಯ ಯಾವ ಮದ್ದಿಗೂ ಒಂದು ಕೊನೆ ಇರುತ್ತದೆ. ಮೂರು ದಿನ, ಏಳು ದಿನ, ಹೆಚ್ಚೆಂದರೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ. ಆಮೇಲೆ ಪಥ್ಯ ಮುರಿದು ಮೀನು ತಿನ್ನುವುದು, ಮದ್ದು ಕೊಟ್ಟವರಿಗೆ ತೆಂಗಿನಕಾಯಿ ಕೊಟ್ಟು ಕೈ ಮುಗಿಯುವುದು. ಮುಗಿಯದ ಮದ್ದು ಎಂದರೆ ಗುಣವಾಗದ ಮದ್ದು ಎಂದೇ ನನ್ನ ಲೆಕ್ಕ. ಆದರೂ ಆಗ ಸುಮ್ಮನಿದ್ದೆ. ಸೊಸೆ ದಿನವೂ ಊಟವಾದ ಮೇಲೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ವಾಲಿಸಿ, ಕೆಳಗಿನ ರೆಪ್ಪೆ ಎಳೆದು ಹನಿ ಹಾಕುತ್ತಿದ್ದಳು. ಕಣ್ಣು ಮುಚ್ಚಿಸಿ ಮೂಗಿನ ಬದಿಯಲ್ಲಿ ಬೆರಳು ಒತ್ತಿ ಹಿಡಿಯುತ್ತಿದ್ದಳು. ಅಷ್ಟು ಹೊತ್ತು ಅತ್ತೆಗೆ ಮಾತಾಡುವಂತಿಲ್ಲ. "ಈ ಮನೇಲಿ ನನ್ನ ಬಾಯಿ ಮುಚ್ಚಿಸಿದವಳು ಅಂದ್ರೆ ನೀನೊಬ್ಳೇ" ಎಂದು ಇವಳು ನಗುತ್ತಿದ್ದಳು.

ಸ್ವಲ್ಪ ದಿನಗಳಲ್ಲಿ ಹೆಂಡತಿಯ ಕಣ್ಣು ಕೆಂಪಗಾಗತೊಡಗಿತು. ಹನಿ ಹಾಕಿದ ಮೇಲೆ ಉರಿಯುತ್ತದೆ ಎಂದಳು. ಸೊಸೆ ಡಾಕ್ಟರಿಗೆ ಫೋನು ಮಾಡಿ ವಿಚಾರಿಸಿದಳು. ಕೆಲವರಿಗೆ ಹಾಗಾಗುತ್ತದೆ, ಬಿಡಬೇಡಿ, ಮುಂದಿನ ಸಲ ಬಂದಾಗ ಬೇಕಿದ್ದರೆ ಬದಲಿಸೋಣ ಎಂದರಂತೆ. ನನಗೆ ಮಾತ್ರ ಅದರಲ್ಲಿ ಬೇರೆಯೇ ಕಂಡಿತು. ಕೆಂಪು ಎಂದರೆ ಉಷ್ಣ, ಉರಿ ಎಂದರೆ ಉಷ್ಣ. ಒತ್ತಡವೂ ಉಷ್ಣದಿಂದಲೇ ಆಗುವುದು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಉಷ್ಣದ ಕಣ್ಣಿಗೆ ಉಷ್ಣದ ಮದ್ದು ಹಾಕಿದರೆ ಏನಾದೀತು? ನನಗೆ ನಾನೇ ಡಾಕ್ಟರಾದೆ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಟ್ಟರೆ ಬರೆದೂ ಫಲವಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಎಲ್ಲವನ್ನೂ ಸೊಸೆಯನ್ನು ಕೇಳಿ ಮಾಡುವ ರೂಢಿಯಾಗಿತ್ತು. ಕರೆಂಟು ಬಿಲ್ಲಿಗೂ ಅವಳು, ಗ್ಯಾಸಿಗೂ ಅವಳು, ಅತ್ತೆಯ ಕಣ್ಣಿಗೂ ಅವಳು. ಒಂದು ಕಾಲದಲ್ಲಿ ಇಡೀ ಬಸ್ಸಿಗೆ ಮದ್ದು ಹೇಳಿದ ನನ್ನನ್ನು ನನ್ನ ಹೆಂಡತಿಯ ಕಣ್ಣಿನ ವಿಷಯಕ್ಕೆ ಯಾರೂ ಕೇಳಲಿಲ್ಲ. ಅದು ನನಗೆ ಚುಚ್ಚುತ್ತಿತ್ತು.

ನಾನು ನನ್ನ ಮದ್ದು ಶುರು ಮಾಡಿದೆ. ಅಂಕೋಲೆ ಪೇಟೆಯಲ್ಲಿ ಸೊಪ್ಪು ಮಾರುವ ಹೆಂಗಸರ ಹತ್ತಿರ ಹೊನ್ನಗೊನ್ನೆ ಸೊಪ್ಪು ಕೇಳಿ ತಂದೆ. ಕಣ್ಣಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನನ್ನ ಅಮ್ಮನೂ ಹೇಳುತ್ತಿದ್ದಳು. ನುಗ್ಗೆ ಸೊಪ್ಪು, ಹರಿವೆ, ಬಸಳೆ ಒಂದೊಂದು ದಿನ ಒಂದೊಂದು. ಬೆಳಿಗ್ಗೆ ನೆಲ್ಲಿಕಾಯಿ ರಸ. ಅದಕ್ಕೂ ಮೊದಲು, ಎದ್ದ ಕೂಡಲೇ, ಒಂದು ದೊಡ್ಡ ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿಸುತ್ತಿದ್ದೆ. ಒಳಗಿನ ಉಷ್ಣವೆಲ್ಲ ತೊಳೆದುಹೋಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಪಾಪ, ಅವಳು ಕಣ್ಣು ಮುಚ್ಚಿ ಕುಡಿದು, ಹೊಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಕಾರವಾರದ ಒಂದು ಅಂಗಡಿಯಿಂದ ಕಣ್ಣಿನ ಚಿತ್ರವಿದ್ದ ಡಬ್ಬಿಯ ಮಾತ್ರೆಗಳನ್ನೂ ತಂದೆ. ನೋಟ ಚುರುಕಾಗುತ್ತದೆ, ನರಕ್ಕೆ ಬಲ ಬರುತ್ತದೆ ಎಂದು ಡಬ್ಬಿಯ ಮೇಲಿತ್ತು. ಒತ್ತಡ ಇಳಿಯುತ್ತದೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನಾನು ಸೇರಿಸಿಕೊಂಡೆ.

ಇಷ್ಟೇ ಆಗಿದ್ದರೆ ಹೆಚ್ಚಿನ ಕೇಡೇನೂ ಆಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಮದ್ದು ಎಂದ ಮೇಲೆ ಪಥ್ಯ ಬೇಕು. ಪಥ್ಯ ಎಂದರೆ ಕರಾವಳಿಯಲ್ಲಿ ಮೊದಲು ಹೋಗುವುದು ಮೀನು. ಮೀನು ಬಿಟ್ಟು ಮಾಡಿದ ಮದ್ದು ತಾಗಿಯೇ ತಾಗುತ್ತದೆ. ಪಥ್ಯದಲ್ಲಿರುವಾಗ ಒಂದು ಮದ್ದಿನ ಮೇಲೆ ಇನ್ನೊಂದು ಮದ್ದು ಬೀಳಬಾರದು, ಇಂಗ್ಲಿಷ್ ಮದ್ದಂತೂ ಕೂಡದು. ಇದು ನಾನು ಹುಟ್ಟಿದಾಗಿನಿಂದ ಕೇಳಿದ ಕಟ್ಟಳೆ. ಒಂದು ಮಂಡಲ ಮೀನು ಬೇಡ, ಒಂದು ಮಂಡಲ ಹನಿಯೂ ಬೇಡ ಎಂದು ಹೆಂಡತಿಗೆ ಹೇಳಿದೆ.

ಮೀನು ಬಿಡುವುದು ಅವಳಿಗೆ ಹನಿ ಬಿಡುವುದಕ್ಕಿಂತ ಕಷ್ಟವಾಯಿತು. ಹಾರವಾಡದಿಂದ ಬುಟ್ಟಿ ಹೊತ್ತು ಬರುವ ಮೀನಿನವಳು ಎರಡು ದಿನ ಕೂಗಿ, ಮೂರನೆಯ ದಿನ ಗೇಟಿನ ಹೊರಗೇ ನಿಂತು ಕೇಳಿದಳು: "ಎಂತದ್ರಾ ಅಮ್ಮಾ, ಸನ್ಯಾಸ ತಕಂಡ್ರಾ? ಹೀಂಗೇ ಆದ್ರೆ ನಮ್ಮ ಬಂಗಡೆಗೆ ನಿಮ್ಮನೆ ದಾರಿಯೇ ಮರ್ತ್ ಹೋಗ್ತದೆ."

ಹೆಂಡತಿ ನಕ್ಕಳು. ಆದರೆ ಒಳಗೆ ಬಂದು ಕೇಳಿದ್ದು ಬೇರೆ. ಹನಿ ಬಿಡುವ ವಿಷಯವನ್ನು ಸೊಸೆಗೆ ತಿಳಿಸಬೇಡವೇ ಎಂದು. ತಿಳಿಸಿದರೆ ಅವಳು ಒಪ್ಪುವುದಿಲ್ಲ, ಡಾಕ್ಟರಿಗೆ ಫೋನು ಮಾಡುತ್ತಾಳೆ, ಎಲ್ಲ ಕೆಡುತ್ತದೆ ಎಂದೆ. ಗುಣವಾದ ಮೇಲೆ ಹೇಳಿದರಾಯಿತು, ಆಗ ಅವಳೇ ಖುಷಿಪಡುತ್ತಾಳೆ. ಹೆಂಡತಿ ಈಳಿಗೆಯ ಮುಂದೆ ಕೂತು ಸೊಪ್ಪು ಹೆಚ್ಚುತ್ತಲೇ ಸರಿ ಎಂದಳು. ಅವಳಿಗೂ ಕಣ್ಣುರಿ ಸಾಕಾಗಿತ್ತು. ಮೇಲಾಗಿ ಅವಳು ಜೀವಮಾನದಲ್ಲಿ ನನ್ನ ಮಾತಿಗೆ ಎದುರಾಡಿದವಳಲ್ಲ.

ಆ ಸಂಜೆ ಸೊಸೆ ಕಚೇರಿಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ನಾನೇ ಹೋಗಿ ಹೇಳಿದೆ. ನೀನು ದಣಿದು ಬರುತ್ತೀ, ಇನ್ನು ಮೇಲೆ ಹನಿ ಹಾಕುವ ಕೆಲಸ ನನಗಿರಲಿ ಎಂದು. ಅವಳ ಮುಖ ಅರಳಿತು. ಮಾವ ಮನೆಯ ಒಂದು ಕೆಲಸ ತಾನಾಗಿ ಕೇಳಿದ್ದು ಅದೇ ಮೊದಲಿರಬೇಕು.

"ಒಂದ್ ದಿನಾನೂ ತಪ್ಸುಕಾಗ್ದು ಹಾಂ, ಮಾವಾ" ಎಂದಳು.

"ಬಸ್ಸನ್ನೇ ಟೈಮಿಗೆ ಬಿಟ್ಟವ್ನಿಗೆ ಹನಿ ಬಿಡೂದು ಕಲಿಸ್ತ್ಯಾ ನೀನು?" ಎಂದೆ. ಅವಳು ನಕ್ಕು ಒಳಗೆ ಹೋದಳು. ಆ ನಗು ನನಗೆ ಈಗಲೂ ಕಾಣುತ್ತದೆ.

ಹನಿಯ ಬಾಟ್ಲಿ ತಿಂಗಳಿಗೊಂದು ಬೇಕಾಗುತ್ತಿತ್ತು. ಅವಳು ಕಾರವಾರದಿಂದ ಹೊಸದನ್ನು ತಂದ ದಿನ ಹಳೆಯದನ್ನು ನಾನು ಬಚ್ಚಲಿಗೆ ತೆಗೆದುಕೊಂಡು ಹೋಗಿ ಹಿಂಡಿ ಖಾಲಿ ಮಾಡುತ್ತಿದ್ದೆ. ಕಳ್ಳತನ ಎಂದು ಅನ್ನಿಸಲಿಲ್ಲ. ಮನೆಯವರ ಒಳ್ಳೆಯದಕ್ಕೆ ಮಾಡುತ್ತಿದ್ದೇನೆ ಎಂದೇ ಅನ್ನಿಸಿತು. ಹನಿ ನಿಂತ ಮೇಲೆ ಕಣ್ಣಿನ ಕೆಂಪೂ ಹೋಯಿತು. ಅದನ್ನು ಕಂಡು ನಾನು ಗೆದ್ದೆ ಎಂದುಕೊಂಡೆ. ಒಂದು ಮಂಡಲ ಮುಗಿಯಿತು. ಇಷ್ಟು ತಾಗಿದೆ ಎಂದ ಮೇಲೆ ಇನ್ನೊಂದು ಮಂಡಲ ಮಾಡೋಣ ಎಂದೆ. ಹೀಗೆ ಒಂದು ಮಳೆಗಾಲ ಪೂರ್ತಿ ಕಳೆಯಿತು.

ಕೆಡುತ್ತಿದೆ ಎಂಬುದಕ್ಕೆ ಗುರುತುಗಳಿದ್ದವು. ಹೆಂಡತಿಯ ಬಲ ಭುಜ ಬಾಗಿಲಿನ ಚೌಕಟ್ಟಿಗೆ ತಾಗತೊಡಗಿತು. "ಬಾಗ್ಲು ಇಷ್ಟು ಇರುಕು ಯಾವಾಗ ಆಯ್ತು?" ಎಂದಳು ಒಮ್ಮೆ. ಬಲಗಡೆ ಇಟ್ಟ ಲೋಟ ಕೈತಾಗಿ ಉರುಳುತ್ತಿತ್ತು. ಬಡಿಸುವಾಗ ಸಾರು ಅನ್ನದ ಮೇಲೆ ಬೀಳದೆ ಬದಿಗೆ ಬಿತ್ತು. ಒಂದು ದಿನ ಹೆದ್ದಾರಿಯ ಬದಿಯಲ್ಲಿ ಬಲಗಡೆಯಿಂದ ಬಂದ ಬೈಕು ಅವಳಿಗೆ ಕಾಣಲೇ ಇಲ್ಲ. ನಾನು ತೋಳು ಹಿಡಿದು ಎಳೆದೆ. ವಯಸ್ಸಾಯಿತು, ನೋಡಿ ನಡೆಯಬಾರದೇ ಎಂದು ಬೈದೆ. ಅಂಚಿನಿಂದ ಸವೆಯುತ್ತದೆ ಎಂದು ಸೊಸೆ ಮೊದಲೇ ಹೇಳಿದ್ದಳಲ್ಲ! ಆ ಮಾತು ನೆನಪಿಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಬಂದದ್ದನ್ನು ಹಿಂದಕ್ಕೆ ತಳ್ಳಿದೆ.

ಡಾಕ್ಟರು ಕರೆದ ದಿನಕ್ಕೆ ಸೊಸೆಗೆ ರಜೆ ಸಿಗಲಿಲ್ಲ. ದಿನವೂ ತಡರಾತ್ರಿ ಕೆಲಸ ಮುಗಿಸಿ ಬರುವ ಮಗ ಆ ದಿನ ಜೊತೆಗೆ ಬಂದ. ಹೆಂಡತಿಯನ್ನು ಒಳಗಿನ ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ಕೂರಿಸಿದ್ದರು. ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವ ಪರೀಕ್ಷೆ. ಅದರ ನಂತರ ಡಾಕ್ಟರು ನನ್ನನ್ನೂ ಮಗನನ್ನೂ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಆ ದಿನ ಅವರ ಮುಖ ನೋಡಲು ನನಗೆ ಹೆದರಿಕೆಯಾಯಿತು. ಒತ್ತಡ ಮೊದಲಿಗಿಂತ ಏರಿದೆ, ಬಲಗಣ್ಣಿನ ನೋಟದಲ್ಲಿ ನಡುವಿನ ಸ್ವಲ್ಪ ಭಾಗ ಮಾತ್ರ ಉಳಿದಿದೆ, ಅದೂ ಉಳಿಯುವ ಭರವಸೆ ಇಲ್ಲ, ಎಡಗಣ್ಣೂ ಸವೆಯತೊಡಗಿದೆ ಎಂದರು. ಆಮೇಲೆ ಕೇಳಿದರು.

"ದಿನಾ ಹನಿ ಹಾಕ್ತಿದ್ರಾ? ಹಾಕಿದ್ದರೆ ಹೀಗಾಗಬಾರದು. ಮನೆಯಲ್ಲಿ ಯಾರು ಹಾಕೋದು?"

ನಾನು ಹೇಳಬೇಕಾದದ್ದು ಎರಡೇ ಮಾತು. ನಾಲಿಗೆಯ ಮೇಲೆ ಬಂದದ್ದು ಬೇರೆಯೇ.

"ಸೊಸೆ" ಎಂದೆ. "ಅವಳೇ ಹಾಕೂದು."

ಮಗ ಹೌದೆಂದು ತಲೆಯಾಡಿಸಿದ. ಕೆಲಸ ನನ್ನ ಕೈಗೆ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಡಾಕ್ಟರು ಚೀಟಿ ಬರೆಯುತ್ತ ಹೋದರು. ಸೊಪ್ಪು, ನೆಲ್ಲಿಕಾಯಿ, ಅಂಗಡಿಯ ಡಬ್ಬಿ ಮಾತ್ರೆ ಕೊಡಬಹುದೇ, ನೀರು ಹೆಚ್ಚು ಕುಡಿಸಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ, ಏನೂ ಅರಿಯದವನ ಹಾಗೆ. ಅವರು ತಲೆ ಎತ್ತಿ, ಸೊಪ್ಪು ತಿನ್ನಲಿ, ಮೀನೂ ತಿನ್ನಲಿ, ಕಣ್ಣಿಗೆ ಎರಡೂ ಒಳ್ಳೆಯವು, ದಿನವೂ ನಡೆದಾಡಲಿ ಎಂದರು. ಡಬ್ಬಿಯ ಮಾತ್ರೆಗಳಿಂದ ಒತ್ತಡ ಇಳಿಯುತ್ತದೆಂದು ನಂಬಬೇಡಿ. ನೀರನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಲಿ. ಒಮ್ಮೆಲೇ ಹೆಚ್ಚು ಕುಡಿದರೆ ಇಂಥವರಿಗೆ ಸ್ವಲ್ಪ ಹೊತ್ತು ಒತ್ತಡ ಏರುತ್ತದೆ. ಆದರೆ ಇವು ಯಾವುವೂ ಹನಿಯ ಬದಲಿಗಲ್ಲ, ಹನಿಯ ಜೊತೆಗೆ. ಆ ತಂಬಿಗೆ ನನ್ನ ಕಣ್ಣ ಮುಂದೆ ಬಂತು.

ಸಂಜೆ ಸೊಸೆ ಬರುವುದನ್ನೇ ಮಗ ಕಾಯುತ್ತಿದ್ದ. ಅವಳು ಚೀಲ ಇಳಿಸುವ ಮೊದಲೇ ಶುರು ಮಾಡಿದ. ಒಂದು ಹನಿ ಹಾಕುವಷ್ಟು ಪುರುಸೊತ್ತು ಇರಲಿಲ್ಲವೇ, ಅಮ್ಮನ ಕಣ್ಣು ಹೋಯಿತಲ್ಲ ಎಂದು ಗದರಿದ. ನಾನು ಜಗಲಿಯಲ್ಲಿ ಕುರ್ಚಿಯ ಮೇಲಿದ್ದೆ. ಹೆಂಡತಿ ಒಳಬಾಗಿಲಲ್ಲಿದ್ದಳು. ಸೊಸೆ ಮೊದಲು ಗಂಡನ ಮುಖ ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ಮಾವ ಈಗ ಬಾಯಿ ತೆರೆಯುತ್ತಾರೆ ಎಂದು ಕಾಯುವವರ ಹಾಗೆ. ನಾನು ಪೇಪರನ್ನು ಕೈಗೆ ತೆಗೆದುಕೊಂಡೆ. ಹೆಂಡತಿ ಏನೋ ಹೇಳಲು ಹೊರಟಳು. ನಾನು ಪೇಪರಿನ ಮೇಲಿಂದ ಅವಳನ್ನೊಮ್ಮೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

"ತಪ್ಪಾಯ್ತು" ಎಂದಳು ಸೊಸೆ. "ಇವತ್ತಿಂದ ನಾನೇ ಹಾಕ್ತೆ."

ಮಾವನ ಮರ್ಯಾದೆ ಉಳಿಸಲು ಹಾಗೆಂದಳೋ, ಹೇಳಿದರೆ ಯಾರು ನಂಬುತ್ತಾರೆ ಎಂದು ಹಾಗೆಂದಳೋ ನನಗೆ ತಿಳಿಯದು. ಗಂಡನ ಹತ್ತಿರ ಕೋಣೆಯಲ್ಲಿ ಏನು ಹೇಳಿದಳೋ ಅದೂ ತಿಳಿಯದು. ಮಗ ನನ್ನನ್ನು ಈ ತನಕ ಏನೂ ಕೇಳಿಲ್ಲ. ಅಂದಿನಿಂದ ಇಂದಿನವರೆಗೆ ಹನಿ ಹಾಕುವವಳು ಅವಳೇ. ಡಾಕ್ಟರು ಹನಿ ಬದಲಿಸಿಕೊಟ್ಟರು, ಉರಿ ಇಲ್ಲ. ಎಡಗಣ್ಣು ಅಲ್ಲಿಗೇ ನಿಂತಿದೆ. ಬಲಗಣ್ಣಿನಲ್ಲಿ ಈಗ ಹಗಲಿದೆಯೋ ಇರುಳಿದೆಯೋ ಅಷ್ಟು ತಿಳಿಯುತ್ತದೆ. ಮನೆಗೆ ಮೀನು ಬರುತ್ತದೆ, ಸೊಪ್ಪೂ ಬರುತ್ತದೆ. ಬಂಗಡೆಯ ಮುಳ್ಳು ತೆಗೆದು ಅತ್ತೆಯ ತಟ್ಟೆಗೆ ಹಾಕುವವಳೂ ಅವಳೇ.

ಮುಂದೊಮ್ಮೆ ತೋರಿಸಿದಾಗ ಬಲಗಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿದರು, ಆ ದಿನ ಹಿತ್ತಲಲ್ಲಿ ಹೆಂಡತಿಯ ಮುಂದೆ ನಿಂತು ತಪ್ಪಾಯಿತು ಎಂದೆ. ನಮ್ಮ ಸಂಸಾರದಲ್ಲಿ ಆ ಮಾತನ್ನು ನಾನು ಅಂದದ್ದು ಅದೇ ಮೊದಲು. ಅವಳು ಒಣಹಾಕಿದ ಬಟ್ಟೆಯನ್ನು ತಡವಿ ತಡವಿ ತೆಗೆಯುತ್ತಿದ್ದಳು.

"ಒಪ್ಕಂಡವಳು ನಾನೂ ಹೌದಲ್ಲಾ. ನನ್ನ ಹತ್ರ ಹೇಳಿದ್ದು ಸಾಕು" ಎಂದಳು. "ಹೇಳೂದು ಅವಳ ಹತ್ರ ಹೇಳಿ. ನಾನೇ ಹೇಳ್ತಿದ್ದೆ. ಆದ್ರೆ ಅದು ನಿಮ್ಮ ಬಾಯಿಂದ್ಲೇ ಬರೂಕು."

ಒಂದು ಭಾನುವಾರ ಧೈರ್ಯ ಮಾಡಿ ಅಡುಗೆಮನೆಯ ಬಾಗಿಲಿಗೆ ಹೋದೆ. ಅವಳು ಕಾಯಿ ತುರಿಯುತ್ತಿದ್ದಳು. ತಲೆ ಎತ್ತಿ, ಮಾವಾ ಚಾ ಬೇಕಾ ಎಂದು ಕೇಳಿದಳು. ಬೇಕು ಎಂದೆ. ಮಾಡಿಕೊಟ್ಟಳು. ಅಲ್ಲೇ ನಿಂತು ಕುಡಿದು, ಲೋಟ ಇಟ್ಟು ಬಂದೆ. ಮಾವನಾದವನು ಸೊಸೆಯ ಮುಂದೆ ತಗ್ಗುವುದು ನಮ್ಮಲ್ಲಿ ಪದ್ಧತಿಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಾವನಾದವನು ಸೊಸೆಯ ಮೇಲೆ ಸುಳ್ಳು ಹೊರಿಸುವುದು ಯಾವ ಪದ್ಧತಿ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಸುಳ್ಳು ಮನೆಯೊಳಗೇ ಇದ್ದಿದ್ದರೆ ನಾನು ಹೀಗೇ ಚಾ ಕುಡಿಯುತ್ತ ಕಾಲ ಕಳೆಯುತ್ತಿದ್ದೆನೋ ಏನೋ. ಅದು ಹೊರಗೆ ಹೋಗಿತ್ತು. ಈಚೆಗೆ ಹಟ್ಟಿಕೇರಿಯಲ್ಲಿ ನೆಂಟರ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದೆವು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಸೊಸೆ ಬಡಿಸುವವರ ಜೊತೆ ಸೇರಿಕೊಂಡು ಅನ್ನದ ಪಾತ್ರೆ ಹಿಡಿದಿದ್ದಳು. ದೂರದ ಸಂಬಂಧದಲ್ಲಿ ನನಗೆ ಅಕ್ಕನಾಗಬೇಕಾದವಳೊಬ್ಬಳು ಎದುರಿನ ಸಾಲಿನಲ್ಲಿ ಕೂತವಳು, ಅನ್ನ ಬಡಿಸಲು ಬಗ್ಗಿದ ಸೊಸೆಗೆ ಹತ್ತು ಜನ ಕೇಳುವ ಹಾಗೆ ಹೇಳಿದಳು.

"ಅತ್ತೆ ಕಣ್ಣಿಗೆ ಒಂದ್ ಹನಿ ಹಾಕುಕೂ ಪುರ್ಸೊತ್ತಿಲ್ಲಾಗಿತ್ತಾ ನಿಂಗೆ? ನೌಕರಿ ಮಾಡೂ ಸೊಸೆ ತಂದ್ರೆ ಹೀಂಗೇಯಾ."

ಸಾಲಿನಲ್ಲಿ ಕೆಲವರು ನಕ್ಕರು. ಕೆಲವರು ಎಲೆ ನೋಡಿದರು.

"ಇನ್ನೊಂಚೂರು ಅನ್ನ ಹಾಕ್ಲಾ, ಅತ್ತೆ?" ಎಂದು ಸೊಸೆ ಆ ಅಕ್ಕನನ್ನೇ ಕೇಳಿದಳು. ಹಾಕಿ ಮುಂದೆ ಹೋದಳು. ನನ್ನ ಎಲೆಯ ಮುಂದೆ ಬಂದಾಗಲೂ ಅದನ್ನೇ ಕೇಳಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಈ ಮಾತು ಅವಳಿಗೆ ಹೊಸತಲ್ಲ, ಮದುವೆ ಮುಂಜಿಗಳಲ್ಲಿ ಎಷ್ಟೋ ಸಲ ಕೇಳಿ ರೂಢಿಯಾಗಿದೆ ಎಂದು ನನಗೆ ಆಗ ಹೊಳೆಯಿತು. ಸಾಲಿನಲ್ಲಿ ಎದ್ದು ನಿಂತು, ಹಾಕದೆ ಇದ್ದವನು ನಾನು ಎಂದು ಹೇಳಬಹುದಿತ್ತು. ಅವಳ ಕೈಯಿಂದ ಬಡಿಸಿಕೊಳ್ಳುವ ಮುಖವಿಲ್ಲದೆ ಬೇಡ ಎಂದು ಕೈ ಅಡ್ಡ ಮಾಡಿದೆ. ಅನ್ನ ಬೇಡ ಎಂದು ಅವಳು ತಿಳಿದಳು.

ಬರುವಾಗ ರಿಕ್ಷಾದಲ್ಲಿ ಹೆಂಡತಿ ನನ್ನ ಪಕ್ಕದಲ್ಲಿದ್ದಳು. ಕಾಣದ ಕಣ್ಣಿನ ಕಡೆ ನಾನು ಕೂತಿದ್ದೆ. ಅವಳು ನನ್ನತ್ತ ತಿರುಗದೆ, ಇವತ್ತೂ ಕೇಳಿ ಸುಮ್ಮನೇ ಕೂತಿರಲ್ಲ ಎಂದಳು.

ಅದಕ್ಕೇ ಇದನ್ನು ಬರೆದೆ. ಬಾಯಿಗೆ ಬಾರದ್ದು ಕೈಗೆ ಬಂದೀತು ಎಂದು. ಇದು ಅಚ್ಚಾದರೆ ಹಟ್ಟಿಕೇರಿಯ ಆ ಸಾಲಿನಲ್ಲಿ ಕೂತವರು ಓದಲಿ, ಡಾಕ್ಟರು ಓದಲಿ, ಮಗ ಓದಲಿ. ಆದರೆ ಓದಿಸುವುದು ಕ್ಷಮೆ ಕೇಳುವುದಕ್ಕೆ ಸಮವಲ್ಲ, ಅದು ನನಗೆ ಗೊತ್ತಿದೆ. ದೇವರ ಮುಂದೆ ಹೇಳಿಕೊಂಡಿದ್ದೇನೆ, ಹೆಂಡತಿಯ ಮುಂದೆ ಹೇಳಿದ್ದೇನೆ, ಈಗ ನಿಮ್ಮ ಮುಂದೆಯೂ ಹೇಳಿದೆ. ತಪ್ಪಾಯಿತು ಎಂದು ನಾನು ಇವತ್ತಿಗೂ ಹೇಳದೆ ಉಳಿದಿರುವುದು ಒಬ್ಬಳ ಹತ್ತಿರ. ಅವಳು ನನ್ನ ಸೊಸೆ.